ಐದು ಎಲ್ಲಿ ಹೋಯಿತು?

ಟೆನ್ನಿಸ್ ಆಟದ ಎಣಿಕೆಯಲ್ಲಿ ಏನೋ ಮೋಸವಿದೆ ಎಂದು ನನ್ನ ಅಪ್ಪ ಕೊನೆಯವರೆಗೂ ನಂಬಿದ್ದ. ಅವನು ನೇಕಾರ. ಇಳಕಲ್ಲಿನಲ್ಲಿ ಹುಟ್ಟಿ ಇಳಕಲ್ಲಿನಲ್ಲೇ ಬೆಳೆದವನು. ಟೆನ್ನಿಸ್ ಬ್ಯಾಟನ್ನು ಒಮ್ಮೆಯೂ ಕೈಯಲ್ಲಿ ಹಿಡಿದವನಲ್ಲ, ಹಿಡಿಯುವ ಆಸೆಯೂ ಅವನಿಗಿರಲಿಲ್ಲ. ಆದರೂ ಆ ಆಟದ ಲೆಕ್ಕವನ್ನು ಅವನಷ್ಟು ತಲೆಗೆ ಹಚ್ಚಿಕೊಂಡವರನ್ನು ನಾನು ಬೇರೆ ಕಂಡಿಲ್ಲ.

“ಮೊದಲನೇ ಪಾಯಿಂಟಿಗೆ ಹದಿನೈದು. ಎರಡನೇದಕ್ಕ ಮೂವತ್ತು. ಮೂರನೇದಕ್ಕ ನಲವತ್ತೈದು ಆಗಬೇಕೋ ಬ್ಯಾಡೋ? ಇವ್ರು ನಲವತ್ತು ಅಂತಾರ. ಆ ಐದು ಎಲ್ಲಿ ಹೋತು?” ಎಂದು ಕೇಳುತ್ತಿದ್ದ. ಬಸ್ಸಿನಲ್ಲಿ ಕೇಳುತ್ತಿದ್ದ, ಊಟಕ್ಕೆ ಕುಳಿತಾಗ ಕೇಳುತ್ತಿದ್ದ. ಗೊತ್ತಿಲ್ಲ ಎಂದರೆ, ಆ ಐದರಲ್ಲಿ ನನಗೂ ಪಾಲಿದೆ ಎನ್ನುವಂತೆ ನೋಡುತ್ತಿದ್ದ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ನಾನು ಹುನಗುಂದದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸದಾಗಿ ಶಿಕ್ಷಕಿಯಾಗಿ ಕೆಲಸಕ್ಕೆ ಸೇರಿದ್ದೆ. ದಿನಾ ಬೆಳಿಗ್ಗೆ ಇಳಕಲ್ಲಿನಿಂದ ಬಸ್ಸು, ಸಂಜೆ ಮತ್ತೆ ಬಸ್ಸು. ಅಪ್ಪನೂ ಆಗೀಗ ಹುನಗುಂದಕ್ಕೆ ಬರುತ್ತಿದ್ದ, ಕೋರ್ಟಿನ ತಾರೀಖಿಗೆ. ಅವನ ಮೇಲೆ ದಾವೆ ಹೂಡಿದವನು ಬೇರೆ ಯಾರೂ ಅಲ್ಲ. ಅವನ ಒಡಹುಟ್ಟಿದ ತಮ್ಮ, ನನ್ನ ಕಾಕಾ.

ಜಗಳ ಒಂದು ಕೋಣೆಯದು. ಅಜ್ಜ ಕಟ್ಟಿಸಿದ ಮನೆಯಲ್ಲಿ ಅಜ್ಜ ಸತ್ತ ಮೇಲೆ ಎರಡು ಒಲೆ ಹೊತ್ತಿಕೊಂಡವು. ಬಡಗಣ ಭಾಗದಲ್ಲಿ ಕಾಕಾನ ಸಂಸಾರ, ತೆಂಕಣ ಭಾಗದಲ್ಲಿ ನಾವು, ನಡುವೆ ಮಗ್ಗದ ಕೋಣೆ. ಆ ಕೋಣೆಯ ನೆಲದಲ್ಲಿ ಅಜ್ಜ ತನ್ನ ಕೈಯಿಂದಲೇ ತೋಡಿದ ಕುಣಿ ಇತ್ತು. ನೇಯುವವರು ಅದರ ಅಂಚಿಗೆ ಕುಳಿತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತ ಮೇಲೆ ಲಾಳಿ ಓಡಿಸಬೇಕು. ಅಪ್ಪ, ಕಾಕಾ ಇಬ್ಬರೂ ಸಣ್ಣವರಿದ್ದಾಗ ಆ ಕುಣಿಯ ಅಂಚಿನಲ್ಲಿ ಅಕ್ಕಪಕ್ಕ ಕುಳಿತು ಕೆಲಸ ಕಲಿತವರು. ಆಮೇಲೆ ಕಾಕಾ ಮಗ್ಗ ಬಿಟ್ಟು ಕಲ್ಲಿನ ಖಣಿಯ ಕಡೆ ಹೋದ. ಅಪ್ಪನ ಮೊಣಕಾಲು ಹಿಡಿದುಕೊಂಡು ಅವನಿಗೂ ಹಲಗೆ ತುಳಿಯಲು ಆಗದಂತಾಯಿತು. ಅಂದಿನಿಂದ ಮಗ್ಗಕ್ಕೆ ಕೂತವಳು ಅವ್ವ.

ಅವ್ವನ ಜೀವ ಆ ಕುಣಿಯಲ್ಲಿತ್ತು. ಇದನ್ನು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ. ಸೀರೆಯ ಮೈಗೂ ಸೆರಗಿಗೂ ಎಳೆ ಎಳೆ ಕೊಂಡಿ ಹಾಕಿ ಜೋಡಿಸುವ ಕೆಲಸದಲ್ಲಿ ನಮ್ಮ ಓಣಿಯಲ್ಲಿ ಅವಳ ಸರಿಸಾಟಿ ಇರಲಿಲ್ಲ. ಅಡುಗೆ ಮನೆಯಲ್ಲಿ ಗೊಣಗುತ್ತಿದ್ದ ಅವ್ವ ಮಗ್ಗಕ್ಕೆ ಕೂತರೆ ಮಾತೇ ಆಡುತ್ತಿರಲಿಲ್ಲ. ಮನೆಯಲ್ಲಿ ಬೇರೆಲ್ಲೂ ಮಗ್ಗ ಹೂಡುವಷ್ಟು ಜಾಗವಿರಲಿಲ್ಲ. ಕಾಕಾಗೆ ಆ ಕೋಣೆ ಬೇಕಿದ್ದದ್ದು ಬೀದಿಗೆ ಬಾಗಿಲು ತೆಗೆದು ಅಂಗಡಿ ಇಡಲು. ಅವನು ಗೆದ್ದರೆ ಅವ್ವನ ಮಗ್ಗ ಹೋಯಿತು, ವಿಷಯ ಇಷ್ಟೆ.

ನಮ್ಮ ಮನೆತನದಲ್ಲಿ ಸಂಶಯಕ್ಕೆ ಎಂದೂ ಬರ ಬಿದ್ದಿಲ್ಲ. ಅಪ್ಪ ಬಣ್ಣದ ನೂಲು ಕೊಂಡರೆ ಅಂಗಡಿಯಲ್ಲೇ ಉಗುಳು ಹಚ್ಚಿ ತಿಕ್ಕಿ ನೋಡುತ್ತಿದ್ದ. ಬಸ್ಸು ತಡವಾದರೆ, ಕಂಡಕ್ಟರ ಯಾರದೋ ಸಲುವಾಗಿ ನಿಲ್ಲಿಸಿದ್ದಾನೆ ಎನ್ನುತ್ತಿದ್ದ. ನಾನೂ ಕಡಿಮೆಯವಳಲ್ಲ. ಯಾವ ಹುಡುಗಿಯಾದರೂ ಲೆಕ್ಕವನ್ನು ತಪ್ಪಿಲ್ಲದೆ ಮಾಡಿ ತಂದರೆ ಶಭಾಶ್ ಎನ್ನುವ ಮೊದಲು ಯಾರು ಮಾಡಿಕೊಟ್ಟರು ಎಂದು ಕೇಳುತ್ತಿದ್ದೆ. ಈಗಲೂ ಕೇಳುತ್ತೇನೆ.

ಒಂದು ತಾರೀಖಿನ ದಿನ ಸಂಜೆ ಅಪ್ಪನೂ ನಾನೂ ಕೋರ್ಟಿನ ಹಿಂದಿನ ದಾರಿಯಿಂದ ಬಸ್ ನಿಲ್ದಾಣದ ಕಡೆ ನಡೆದಿದ್ದೆವು. ಅಲ್ಲಿ ಸರಕಾರಿ ಸಾಹೇಬರುಗಳ ಕ್ಲಬ್ಬು. ಕ್ಲಬ್ಬೆಂದರೆ ಒಂದು ಹಂಚಿನ ಕೋಣೆ, ಒಂದು ಬೇವಿನ ಮರ, ಗರಸು ಮಣ್ಣು ಬಡಿದು ಗಟ್ಟಿ ಮಾಡಿದ ಅಂಗಳ. ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ನಡುವೆ ಹುರಿಯಿಂದ ತೇಪೆ ಹಾಕಿದ ಬಲೆ ಕಟ್ಟಿದ್ದರು. ಬಲೆಯ ಈ ಕಡೆ ಬಿಳಿ ಚಡ್ಡಿ ಹಾಕಿದ ಒಬ್ಬರು, ಆ ಕಡೆ ಬಿಳಿ ಚಡ್ಡಿ ಹಾಕಿದ ಇನ್ನೊಬ್ಬರು. ಅಪ್ಪ ನಿಂತುಬಿಟ್ಟ.

“ನೋಡಿದೇನವಾ?” ಎಂದು ನನ್ನ ಮೊಣಕೈ ಹಿಡಿದ. ಈ ಕಡೆಯವರು ಮಧ್ಯಾಹ್ನ ಕರಿ ಕೋಟಿನಲ್ಲಿ ಕುಳಿತು ನಮ್ಮ ದಾವೆ ಕೇಳಿದ್ದ ನ್ಯಾಯಾಧೀಶರು. ಆ ಕಡೆಯವರು ಅವರ ಮುಂದೆ ನಿಂತು ನಮ್ಮ ವಿರುದ್ಧ ವಾದ ಮಾಡಿದ್ದ ಕಾಕಾನ ವಕೀಲರು.

ಚೆಂಡು ಬಲೆಗೆ ಬಿತ್ತು. ವಕೀಲರು ನಕ್ಕರು, ನ್ಯಾಯಾಧೀಶರೂ ನಕ್ಕರು. ಅಪ್ಪನ ಮುಖ ಕಪ್ಪಿಟ್ಟಿತು. “ಮುಗೀತು ತಗೋ. ಹಗಲೆಲ್ಲಾ ಸುಳ್ಳ ಸುಳ್ಳ ಬಡದಾಡಿ, ಸಂಜೀಕ ಇಲ್ಲಿ ಕೂಡ್ತಾರ ನೋಡು,” ಎಂದ. ಬಸ್ಸು ಹೊರಟುಹೋಯಿತು. ನಾವು ಬೇಲಿಯ ಹೊರಗೆ ನಿಂತೇ ಇದ್ದೆವು.

ಮೊದಲ ದಿನ ಏನೂ ತಿಳಿಯಲಿಲ್ಲ. ಚೆಂಡು ಹೊಡೆಯುವ ಮುಂಚೆ ಒಬ್ಬರು ಇಂಗ್ಲಿಷಿನಲ್ಲಿ ಏನೋ ಸಂಖ್ಯೆ ಕೂಗುತ್ತಿದ್ದರು. ಆ ಸಂಖ್ಯೆಗಳನ್ನು ಕನ್ನಡದಲ್ಲಿ ಹೇಳು ಎಂದು ಅಪ್ಪ ಪೀಡಿಸಿದ. ಹೇಳಿದೆ. ನಲವತ್ತಕ್ಕೆ ಬಂದಾಗ ಅವನು ಬೆರಳು ಮಡಿಚುವುದನ್ನು ನಿಲ್ಲಿಸಿ ನನ್ನನ್ನೇ ದಿಟ್ಟಿಸಿದ. ಆ ಐದರ ಕಥೆ ಶುರುವಾದದ್ದು ಅಲ್ಲಿಂದ.

ಮರುದಿನ ಶಾಲೆಯ ಡ್ರಿಲ್ ಮಾಸ್ತರರನ್ನು ಹಿಡಿದೆ. ಅವರು ಬಾಗಲಕೋಟೆಯಲ್ಲಿ ಕಾಲೇಜು ಓದುವಾಗ ಟೆನ್ನಿಸ್ ನೋಡಿದ್ದರಂತೆ. ಆಡಿದ್ದೀರಾ ಎಂದರೆ ಸೀಟಿ ಒರೆಸಿಕೊಂಡರು. ಅವರ ಮೇಲೂ ನನಗೆ ಪೂರ್ತಿ ನಂಬಿಕೆ ಹುಟ್ಟಲಿಲ್ಲ, ಆದರೆ ಬೇರೆ ಗತಿ ಇರಲಿಲ್ಲ.

“ಗಡಿಯಾರ ನೋಡ್ರಿ ಅಕ್ಕೋರ,” ಎಂದರು. “ಕಾಲು ಸುತ್ತಿಗೆ ಹದಿನೈದು, ಅರ್ಧಕ್ಕ ಮೂವತ್ತು, ಮುಕ್ಕಾಲಿಗೆ ನಲವತ್ತೈದು, ಪೂರಾ ಸುತ್ತಿದ್ರ ಒಂದು ಆಟ ಗೆದ್ದಂಗ. ನಲವತ್ತೈದು ಅಂತ ಕೂಗಾಕ ಉದ್ದ ಆಗ್ತೈತಿ ಅಂತ ನಲವತ್ತು ಮಾಡ್ಯಾರಂತ. ಹಂಗಂತ ಹೇಳ್ತಾರ, ಖರೆ ಎಷ್ಟೋ ಗೊತ್ತಿಲ್ಲ.”

“ಸೊನ್ನೆಗೆ ಏನಂತಾರ್ರಿ?” ಎಂದೆ.

ಅವರು ಕೆಮ್ಮಿದರು. ನಾನು ಮದುವೆಯಾಗದ ಹೆಣ್ಣುಮಗಳು. “ಸೊನ್ನಿಗೆ ಬ್ಯಾರೆ ಹೆಸರೈತಿ, ಅದು ಬಿಡ್ರಿ,” ಎಂದು ಮುಂದಿನದಕ್ಕೆ ಹೋದರು. ಆ ಹೆಸರು ‘ಲವ್’ ಎಂದು ನನಗೆ ತಿಳಿದದ್ದು ಆಮೇಲೆ. ನಾಲ್ಕು ಪಾಯಿಂಟು ಮೊದಲು ಗಳಿಸಿದವನಿಗೆ ಒಂದು ಆಟ, ಆರು ಆಟ ಗೆದ್ದವನಿಗೆ ಒಂದು ಸೆಟ್ಟು, ಮೂರರಲ್ಲಿ ಎರಡು ಸೆಟ್ಟು ಗೆದ್ದವನಿಗೆ ಪಂದ್ಯ. ಆದರೆ ಆಟಕ್ಕೂ ಸೆಟ್ಟಿಗೂ ಒಂದು ಕಟ್ಟು: ಗೆಲ್ಲುವವನು ಎರಡರ ಅಂತರದಿಂದಲೇ ಗೆಲ್ಲಬೇಕು. ಇಬ್ಬರೂ ನಲವತ್ತಕ್ಕೆ ಬಂದರೆ ಸಮ. ಅಲ್ಲಿಂದ ಬೆನ್ನುಬೆನ್ನಿಗೆ ಎರಡು ಪಾಯಿಂಟು ಬೇಕು. ಒಂದು ಗಳಿಸಿದವನಿಗೆ ಮೇಲುಗೈ, ಇನ್ನೊಂದು ತಪ್ಪಿದನೋ ಮತ್ತೆ ಸಮ.

“ಹಿಂಗ ಎಷ್ಟ ಸಲ ಸಮ ಆಗಬಹುದ್ರಿ?”

“ಅದಕ್ಕ ಕಾಯ್ದೆ ಇಲ್ರಿ.”

“ಆಟಕ್ಕ ಟೈಮು?”

“ಟೈಮೂ ಇಲ್ರಿ. ಮುಗಿದಾಗ ಮುಗೀತು.”

ಬಸ್ಸಿನಲ್ಲಿ ಇದನ್ನೆಲ್ಲ ಅಪ್ಪನಿಗೆ ವರದಿ ಒಪ್ಪಿಸಿದೆ. ಗಡಿಯಾರದ ಮಾತನ್ನು ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. “ಉದ್ದ ಆಗ್ತೈತಿ ಅಂತ ಐದು ಕಡಿಮಿ ಮಾಡೂದಾ? ನಾಳೆ ನಮ್ಮ ಮನಿ ಅಳಿಯಾಕ ಬಂದಾಗೂ ಹಂಗ ಮಾಡ್ತಾರ,” ಎಂದ. ಅದಕ್ಕಿಂತ ಅವನನ್ನು ಕಾಡಿದ್ದು ಟೈಮಿಲ್ಲದ ಆಟ. ನೇಕಾರನಿಗೆ ಮಗ್ಗದ ಮೇಲೆ ಹಾಸಿನ ನೂಲು ಎಷ್ಟು ಮೊಳ ಇದೆ ಎಂದು ಗೊತ್ತಿರುತ್ತದೆ. ಸೀರೆ ಎಂದು ಇಳಿಯುತ್ತದೆ ಎಂದು ಹೇಳಬಲ್ಲ. ಕಬಡ್ಡಿಗೂ ಒಂದು ಸೀಟಿ ಇರುತ್ತದೆ. “ಯಾವಾಗ ಮುಗೀತೈತಿ ಅಂತ ಆಡಾವ್ರಿಗೇ ಗೊತ್ತಿಲ್ಲದ ಆಟ ಅಂದ್ರ, ತಮಗ ಬೇಕಾದಾಗ ಮುಗಿಸಾಕ ಮಾಡ್ಕೊಂಡದ್ದು,” ಎಂದು ಅವನ ತೀರ್ಪು.

ಆಮೇಲೆ ತಾರೀಖಿಲ್ಲದ ದಿನವೂ ಅಪ್ಪ ಬಸ್ಸು ಹತ್ತಿ ಬರತೊಡಗಿದ. ಶಾಲೆ ಬಿಟ್ಟ ಕೂಡಲೇ ನಾನು ಬೇಲಿಯ ಹತ್ತಿರ ಹೋಗಿ ಅವನನ್ನು ಕೂಡುತ್ತಿದ್ದೆ. ಬೇಲಿಯ ಹೊರಗೆ ಒಂದು ಚಪ್ಪಡಿ ಕಲ್ಲಿತ್ತು, ಅದೇ ನಮ್ಮ ಜಾಗ. ಅವನು ನೋಡುತ್ತಿದ್ದದ್ದು ಆಟವನ್ನಲ್ಲ, ಸಾಕ್ಷಿಯನ್ನು. ಕಾಕಾನ ವಕೀಲರು ಬೇಕೆಂದೇ ಸೋಲುತ್ತಿದ್ದಾರೆ, ಆ ಸೋಲೇ ನ್ಯಾಯಾಧೀಶರಿಗೆ ಸಲ್ಲುವ ಕಾಣಿಕೆ ಎನ್ನುವುದು ಅವನ ಅನುಮಾನ. ಬೇಕೆಂದೇ ಸೋಲುವವನು ಹೇಗೆ ಸೋಲುತ್ತಾನೆ ಎಂದು ಹಿಡಿಯಬೇಕಾದರೆ ಆಟದ ಕಾಯ್ದೆ ಬರಬೇಕಲ್ಲ. ಹೀಗೆ ಆಟ ಕಲಿತವರು ನಾವಲ್ಲದೆ ಬೇರೆ ಯಾರಾದರೂ ಇದ್ದಾರೋ ಇಲ್ಲವೋ.

ಸಾಕ್ಷಿಗೇನೂ ಕೊರತೆ ಬೀಳಲಿಲ್ಲ. ಮೊದಲು ಚೆಂಡು ಕೊಟ್ಟು ಆಟ ಶುರು ಮಾಡುವವನಿಗೆ ಎರಡು ಅವಕಾಶ. ಎರಡೂ ಸಲ ಅದು ಎದುರಿನ ಚೌಕದಲ್ಲಿ ಬೀಳದಿದ್ದರೆ ಪಾಯಿಂಟು ಎದುರಾಳಿಗೆ. ವಕೀಲರು ಪದೇ ಪದೇ ಎರಡನ್ನೂ ಹೊರಗೆ ಹಾಕುತ್ತಿದ್ದರು. “ನೋಡು, ಸಾಹೇಬ್ರು ಬ್ಯಾಟು ಸೈತ ಎತ್ತಿಲ್ಲ. ಕುಂತಲ್ಲೇ ಪಾಯಿಂಟು,” ಎಂದು ಅಪ್ಪ ಹಲ್ಲು ಕಡಿಯುತ್ತಿದ್ದ. ಡ್ರಿಲ್ ಮಾಸ್ತರರನ್ನು ಕೇಳಿದರೆ, “ವಕೀಲ್ರಿಗೆ ಹೊಟ್ಟಿ ಬಂದೈತ್ರಿ, ತೋಳು ಎತ್ತಾಕ ಆಗೂದಿಲ್ಲ,” ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ನನಗೆ ಅದು ಸರಿ ಎನಿಸಿತು. ಅಪ್ಪನಿಗೆ ಹೇಳಿದೆ. ಮಾಸ್ತರರು ಯಾರ ಪೈಕಿ ಎಂದು ವಿಚಾರಿಸು ಎಂದ.

ಒಂದು ಸಂಜೆ ಅವನು ಪಾಯಿಂಟುಗಳನ್ನೆಲ್ಲ ಬೆರಳ ಗೆಣ್ಣಿನ ಮೇಲೆ ಎಣಿಸುತ್ತ ಹೋದ. ಒಂದು ಕೈ ಸಾಹೇಬರದು, ಇನ್ನೊಂದು ವಕೀಲರದು. ಕೈ ತುಂಬಿದಾಗ ನನಗೆ ಹೇಳಿ ನೆನಪಿಡಿಸುತ್ತಿದ್ದ. ಆಟ ಮುಗಿದಾಗ ವಕೀಲರದೇ ಜಾಸ್ತಿ ಆಗಿತ್ತು. ಆದರೆ ಕೈ ಕುಲುಕಿಸಿಕೊಂಡು ಗೆದ್ದು ನಡೆದವರು ಸಾಹೇಬರು. ಅಪ್ಪ ಎದ್ದು ನಿಂತ. ಮೊಣಕಾಲು ನೋವು ಕೂಡ ಮರೆತಿದ್ದ. ಹೆಚ್ಚು ಗಳಿಸಿದವನು ಸೋತಿದ್ದಾನೆ, ಇದಕ್ಕಿಂತ ಇನ್ನೇನು ಬೇಕು?

ನಾನೂ ಆ ದಿನ ನಂಬಿದೆ. ಮರುದಿನ ಮಾಸ್ತರರ ಎದುರು ಕೂತು ಲೆಕ್ಕ ಬಿಡಿಸಿದಾಗಲೇ ಗೊತ್ತಾದದ್ದು. ವಕೀಲರು ಗೆದ್ದ ಆಟಗಳನ್ನು ಪೂರಾ ಬಳಿದು ಗೆದ್ದಿದ್ದರು. ಸೋತವನ್ನು ಕೂದಲೆಳೆಯಲ್ಲಿ ಸೋತಿದ್ದರು. ಒಂದು ಆಟ ಮುಗಿಯಿತೆಂದರೆ ಅದರೊಳಗಿನ ಪಾಯಿಂಟುಗಳೆಲ್ಲ ಅಲ್ಲಿಗೇ ಸತ್ತವು. ಮುಂದಿನ ಆಟಕ್ಕೆ ಯಾವುದನ್ನೂ ಒಯ್ಯುವಂತಿಲ್ಲ. ಎಷ್ಟು ಗಳಿಸಿದೆ ಎನ್ನುವುದು ಮುಖ್ಯವಲ್ಲ, ಯಾವಾಗ ಗಳಿಸಿದೆ ಎನ್ನುವುದು ಮುಖ್ಯ. ಇದನ್ನು ಕೇಳಿ ಅಪ್ಪ, “ಇಂಥಾ ಆಟ ಆಡಾವ್ರ ಕೈಯಾಗ ನಮ್ಮ ಕುಣಿ ಐತಲ್ಲವಾ,” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾದ ಹೆದರಿಕೆ ಇತ್ತು.

ಇದೇ ದಿನಗಳಲ್ಲಿ ಒಮ್ಮೆ ಚೆಂಡು ಬೇಲಿ ದಾಟಿ ನನ್ನ ಕಾಲ ಬಳಿ ಬಂದು ಬಿತ್ತು. ಎತ್ತಿ ಕೊಡಲು ಹೋದೆ. ಬೇಲಿಯ ತನಕ ಬಂದವರು ಸ್ವತಃ ನ್ಯಾಯಾಧೀಶರು. ಚೆಂಡು ಇಸಿದುಕೊಂಡು ಥ್ಯಾಂಕ್ಸ್ ಎಂದರು. “ದಿನಾ ನೋಡೋಕೆ ಬರ್ತೀರಲ್ಲ, ಟೆನ್ನಿಸ್ ಅಂದ್ರೆ ಇಷ್ಟಾನಾ?” ಎಂದು ನಕ್ಕರು. ಅವರು ಮೈಸೂರಿನ ಕಡೆಯವರು. ನಾನು ಹೂಂ ಎಂದೆ. ಬೇರೆ ಏನು ಹೇಳಲಿ?

ತಿರುಗಿ ನೋಡಿದಾಗ, ಅಂಗಳದ ಆ ಬದಿಗೆ, ಚಹಾದ ಅಂಗಡಿಯ ತಟ್ಟಿಯ ಮರೆಯಲ್ಲಿ ತಲೆಗೆ ಸುತ್ತಿದ ಒಂದು ಪರಿಚಯದ ಪಟಕಾ ಕಂಡಿತು. ಕಾಕಾ. ಅವನೂ ಬಂದು ನಿಂತಿದ್ದ. ಎಷ್ಟು ದಿನದಿಂದ ಬರುತ್ತಿದ್ದನೋ. ಅವನ ಕಣ್ಣು ಆಟದ ಮೇಲಿರಲಿಲ್ಲ, ನನ್ನ ಕೈಯ ಮೇಲಿತ್ತು. ಚೆಂಡು ಕೊಟ್ಟ ಕೈ.

ಅಪ್ಪನಿಗೂ ಕಂಡಿತು. ಅಣ್ಣ ತಮ್ಮ ಅಂಗಳದ ಎರಡು ಬದಿಗೆ ನಿಂತು ಒಬ್ಬರನ್ನೊಬ್ಬರು ನೋಡಿದರು. ನಡುವೆ ಚೆಂಡು ಅತ್ತಿಂದಿತ್ತ ಹೋಗುತ್ತಿತ್ತು. “ತನ್ನ ವಕೀಲ ಸರಿಯಾಗಿ ಸೋಲ್ತಾನೋ ಇಲ್ಲೋ ನೋಡಾಕ ಬಂದಾನ,” ಎಂದು ಅಪ್ಪ ಪಿಸುಗುಟ್ಟಿದ. ಆ ಸಂಜೆ ಮೂವರೂ ಒಂದೇ ಬಸ್ಸಿನಲ್ಲಿ ಇಳಕಲ್ಲಿಗೆ ಬಂದೆವು. ಅಪ್ಪ ಮುಂದೆ, ಕಾಕಾ ಕಟ್ಟಕಡೆಗೆ. ಒಂದೇ ನಿಲ್ದಾಣದಲ್ಲಿ ಇಳಿದು, ಒಂದೇ ಓಣಿ ಹಿಡಿದು, ಒಂದೇ ಮನೆಯ ಎರಡು ಬಾಗಿಲು ಹೊಕ್ಕೆವು.

ಮರುದಿನ ಕಾಕೂ, ಅಂದರೆ ಕಾಕಾನ ಹೆಂಡತಿ, ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಗೋಡೆಗೆ ಹೇಳಿದಳು: “ಮಂದಿ ಹೆಣ್ಣಮಕ್ಳನ್ನ ಸಾಲಿ ಕಲಿಸಿದ್ದು ಸಾಹೇಬ್ರಿಗೆ ಚೆಂಡು ಎತ್ತಿ ಕೊಡಾಕಂತ!” ನಾನು ಉತ್ತರ ಕೊಡಲು ಎದ್ದೆ. ಅವ್ವ ಕುಣಿಯಲ್ಲಿ ಕುಳಿತಲ್ಲಿಂದಲೇ ಬೇಡ ಎಂದು ಕೈ ಮಾಡಿದಳು.

ಅದಾಗಿ ಸ್ವಲ್ಪ ದಿನಕ್ಕೆ ನಮ್ಮ ವಕೀಲರು ಅಪ್ಪನನ್ನು ಕರೆಸಿದರು. “ನಿಮ್ಮ ತಮ್ಮ ರಾಜಿಗೆ ಬಂದಾನ್ರಿ. ಮಗ್ಗದ ಕೋಣಿ ನಿಮಗ ಇರ್ಲಿ, ಹಿತ್ತಲ ಪೂರಾ ತನಗ ಬಿಡ್ರಿ ಅಂತಾನ. ನನ್ನ ಕೇಳಿದ್ರ ಹೂಂ ಅನ್ರಿ. ಮುಂದಿನ ತಾರೀಖಿಗೆ ಹೇಳಬೇಕು.”

ಆ ರಾತ್ರಿ ಊಟಕ್ಕೆ ಕುಳಿತಾಗ ಅವ್ವನ ಮುಖದಲ್ಲಿ ನಾನು ಬಹಳ ದಿನದ ಮೇಲೆ ನಗು ಕಂಡೆ. “ಹಿತ್ತಲದಾಗ ಏನೈತ್ರಿ, ಒಂದು ಕರಿಬೇವಿನ ಗಿಡ. ಕೊಟ್ಟು ಕೈ ತೊಳಕೋರಿ. ನನ್ನ ಕುಣಿ ನನಗ ಉಳೀತೈತಿ,” ಎಂದಳು.

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. “ಗೆಲ್ಲಾವ ಯಾಕ ರಾಜಿಗೆ ಬರ್ತಾನ?”

“ಬುದ್ಧಿ ಬಂದಿರಬೇಕು.”

“ಅವಗ? ತುಳಸಿಗೇರಿ ಹನಮಪ್ಪನ ಮುಂದ ಆಣಿ ಮಾಡಿ ಹೇಳಿದ್ರೂ ನಾ ನಂಬೂದಿಲ್ಲ. ಇದರಾಗ ಏನೋ ಐತಿ.”

ಏನಿದೆ ಎಂದು ತಿಳಿಯಲು ಅವನಿಗಿದ್ದ ದಾರಿ ಒಂದೇ. ತಾರೀಖಿನ ಹಿಂದಿನ ಸಂಜೆ ನಾವು ಮತ್ತೆ ಚಪ್ಪಡಿ ಕಲ್ಲಿನ ಮೇಲೆ ಕುಳಿತೆವು.

ಆ ಸಂಜೆಯ ಆಟ ನನಗೆ ಚೆನ್ನಾಗಿ ನೆನಪಿದೆ. ವಕೀಲರ ಕೈಗೆ ಅಂದು ಏನಾಗಿತ್ತೋ. ಕೊಟ್ಟ ಚೆಂಡೆಲ್ಲ ಗೆರೆಯೊಳಗೇ ಬೀಳುತ್ತಿತ್ತು. ಮೊದಲ ಸೆಟ್ಟು ಅವರೇ ಗೆದ್ದರು. ಎರಡನೆಯದು ಸಾಹೇಬರದು. ಮೂರನೆಯದರಲ್ಲಿ ಐದಕ್ಕೆ ಐದು ಆಯಿತು, ಆರಕ್ಕೆ ಆರು ಆಯಿತು. ದೊಡ್ಡ ಪಂದ್ಯಗಳಲ್ಲಿ ಆರಕ್ಕಾರು ಬಂದರೆ ಒಂದು ಕಡೇ ಆಟ ಆಡಿಸಿ ಮುಗಿಸುವ ಹೊಸ ಕಾಯ್ದೆ ಬಂದಿದೆ ಎಂದು ಡ್ರಿಲ್ ಮಾಸ್ತರರು ಹೇಳಿದ್ದರು. ನಮ್ಮ ಸಾಹೇಬರು ಹಳೇ ಕಾಯ್ದೆಯವರು. ಎರಡು ಆಟದ ಅಂತರ ಬರುವ ತನಕ ಆಡಲೇಬೇಕು. ಏಳಕ್ಕೆ ಏಳು. ಮುಂದಿನ ಆಟ ನಲವತ್ತು-ನಲವತ್ತು. ವಕೀಲರಿಗೆ ಮೇಲುಗೈ. ಮತ್ತೆ ಸಮ. ಸಾಹೇಬರಿಗೆ ಮೇಲುಗೈ. ಮತ್ತೆ ಸಮ. ಇಬ್ಬರ ಅಂಗಿಯೂ ಬೆನ್ನಿಗೆ ಅಂಟಿತ್ತು, ಯಾರೂ ನಗುತ್ತಿರಲಿಲ್ಲ. ಒಂದು ಚೆಂಡು ಗೆರೆಯ ಮೇಲೆ ಬಿತ್ತೋ ಹೊರಗೆ ಬಿತ್ತೋ ಎಂದು ಮಾತಿಗೆ ಮಾತು ಬೆಳೆಯಿತು. ವಕೀಲರು ಬ್ಯಾಟಿನಿಂದ ಗುರುತು ತೋರಿಸಿದರು. ಸುಣ್ಣ ಎದ್ದಿತ್ತು. ಗೆರೆ ಮುಟ್ಟಿದ ಚೆಂಡು ಒಳಗಿನದೇ ಎಂದು ಲೆಕ್ಕ. ಸಾಹೇಬರು ಒಲ್ಲದ ಮನಸ್ಸಿನಿಂದ ಒಪ್ಪಿದರು.

ಕತ್ತಲು ಇಳಿಯಿತು. ಚೆಂಡು ಕಾಣದಾಯಿತು. ಸಾಹೇಬರು ಕೈ ಎತ್ತಿ, ಉಳಿದದ್ದು ನಾಳೆ ಎಂದರು.

“ಆಟಕ್ಕೂ ತಾರೀಖು ಹಾಕಿದ್ರಪಾ!” ಎಂದು ಅಪ್ಪ ನಕ್ಕ. ಅಷ್ಟು ತಿಂಗಳಲ್ಲಿ ಅವನು ನಕ್ಕದ್ದು ಅದೊಂದೇ ಸಲ. ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಬಾಗಿ ಬಿಡಿಸಿ ಹೇಳಿದ: ವಕೀಲನಿಗೂ ಸಾಹೇಬರಿಗೂ ಕೆಟ್ಟಿದೆ. ಇವತ್ತು ವಕೀಲ ಸೋಲಲಿಲ್ಲ, ಗೆರೆಗಾಗಿ ಜಗಳವನ್ನೂ ಆಡಿದ. ಅಂದರೆ ಅವರ ಮಸಲತ್ತು ಮುರಿದಿದೆ. ಅದಕ್ಕೇ ಕಾಕಾ ರಾಜಿಗೆ ಓಡಿ ಬಂದಿದ್ದಾನೆ. ಈಗ ಮೇಲುಗೈ ನಮ್ಮದು. ಇನ್ನೊಂದೇ ಪಾಯಿಂಟು, ಕೋಣೆಯೂ ನಮ್ಮದು, ಹಿತ್ತಲೂ ನಮ್ಮದು.

“ಅಪ್ಪಾ, ಅವ್ವ ರಾಜಿ ಆಗ್ರಿ ಅಂದಾಳ,” ಎಂದೆ.

“ನಿಮ್ಮವ್ವ ಆಟ ನೋಡ್ಯಾಳೇನು?”

ಮರುದಿನ ಅವನು ಕೋರ್ಟಿನಲ್ಲಿ ರಾಜಿ ಬೇಡ ಎಂದು ಹೇಳಿಬಂದ. ಆ ಉಳಿದ ಆಟ ಏನಾಯಿತೆಂದು ನಮಗೆ ತಿಳಿಯಲಿಲ್ಲ. ನೋಡಲು ಯಾರೂ ಹೋಗಲಿಲ್ಲ.

ತೀರ್ಪು ಬಂದಾಗ ಅದರಲ್ಲಿ ಮೋಸವೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಕಾಕಾ ಕೇಳಿದಂತೆ ಕೋಣೆ ಅವನಿಗೆ ಸಿಗಲಿಲ್ಲ. ಅಪ್ಪ ಕೇಳಿದಂತೆ ನಮಗೂ ಸಿಗಲಿಲ್ಲ. ಅಜ್ಜನ ಆಸ್ತಿ, ಇಬ್ಬರು ಮಕ್ಕಳು, ಎಲ್ಲದರಲ್ಲೂ ಸಮಪಾಲು. ಅಳೆದು ಕೊಡಲು ಕೋರ್ಟಿನಿಂದ ಒಬ್ಬ ಕಮಿಷನರರು ಟೇಪು ಹಿಡಿದು ಬಂದರು. ಹಿತ್ತಲನ್ನು ಅಳೆದರು, ಪಡಸಾಲೆಯನ್ನು ಅಳೆದರು, ಮಗ್ಗದ ಕೋಣೆಗೆ ಬಂದರು. ಅಪ್ಪ ಟೇಪಿನ ಒಂದು ತುದಿಗೆ ಕೂತು ನೋಡಿದ, ಕಾಕಾ ಇನ್ನೊಂದು ತುದಿಗೆ ಕೂತು ನೋಡಿದ. ಒಂದು ಬೆರಳೂ ಆಚೆ ಈಚೆ ಆಗಲಿಲ್ಲ. ಕಮಿಷನರರು ಸುಣ್ಣದ ಪುಡಿ ತರಿಸಿ ಗೆರೆ ಎಳೆಸಿದರು. ಗೆರೆ ಈ ಗೋಡೆಯಿಂದ ಹೊರಟು ಕುಣಿಯ ಅಂಚಿಗೆ ಬಂದು ನಿಂತಿತು. ಕುಣಿಯ ಆಚೆ ಅಂಚಿನಿಂದ ಮತ್ತೆ ಶುರುವಾಗಿ ಆ ಗೋಡೆ ಮುಟ್ಟಿತು. ಕುಣಿಯ ಅರ್ಧ ನಮ್ಮದು, ಅರ್ಧ ಅವರದು.

ಅಪ್ಪ ಕುಣಿಯ ಅಂಚಿಗೆ ಹೋಗಿ ಗೆರೆಯನ್ನು ಬಗ್ಗಿ ನೋಡಿದ. ಕಾಕಾನೂ ಗೆರೆಯನ್ನೇ ನೋಡುತ್ತ ನಿಂತಿದ್ದ. ಅವನಿಗೆ ಸಿಕ್ಕ ಅರ್ಧದಲ್ಲಿ ಅಂಗಡಿ ಇಡಲು ಆಗುವಂತಿರಲಿಲ್ಲ. ಆಗಲಾದರೂ ಒಬ್ಬರು ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. ಮೊದಲು ಮಾತಾಡಿದವನು ಏನೋ ಲಾಭ ನೋಡಿಯೇ ಮಾತಾಡಿದ ಎಂದು ಇನ್ನೊಬ್ಬ ತಿಳಿಯುತ್ತಾನೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಗೋಡೆ ಎಬ್ಬಿಸಲು ಕಲ್ಲು ಬಂದು ಬಿದ್ದಾಗ ಅವ್ವನ ಮಗ್ಗದ ಮೇಲೆ ಒಂದು ಸೀರೆ ಅರ್ಧಕ್ಕೆ ನಿಂತಿತ್ತು. ಅವಳು ಯಾರನ್ನೂ ಕೇಳದೆ ಹಿತ್ತಲಿಗೆ ಹೋಗಿ ಕಾಕೂನ ಹತ್ತಿರ, ಈ ಸೀರೆ ಇಳಿಯುವ ತನಕ ತಡೆಯಿರಿ ಎಂದಳು. ಕಾಕಾ ಒಪ್ಪಿ, ಗೋಡೆ ಕಟ್ಟಲು ಬಂದ ಗೌಂಡಿಯನ್ನು ವಾಪಸು ಕಳಿಸಿದ. “ಯಾಕ ತಡದಾನ?” ಎಂದು ಅಪ್ಪ ಎರಡು ದಿನ ತಲೆ ಕೆಡಿಸಿಕೊಂಡ.

ಹಿತ್ತಲಿನಿಂದ ಅವ್ವ ಇನ್ನೊಂದು ಸುದ್ದಿಯನ್ನೂ ತಂದಿದ್ದಳು. ಅದನ್ನು ಹೇಳಿದ್ದು ಸೀರೆಯ ಸೆರಗು ಮುಗಿಸುವ ದಿನ, ನಾನೊಬ್ಬಳೇ ಹತ್ತಿರ ಇದ್ದಾಗ. ನಾನು ಸಾಹೇಬರ ಕೈಗೆ ಚೆಂಡು ಕೊಟ್ಟದ್ದು, ಅವರು ನಕ್ಕು ಮಾತಾಡಿಸಿದ್ದು ಕಂಡು ಕಾಕಾ ಗಾಬರಿಬಿದ್ದಿದ್ದನಂತೆ. ಅಣ್ಣ ಮಗಳ ಕೈಯಿಂದ ನ್ಯಾಯಾಧೀಶರನ್ನು ಒಳಗೆ ಹಾಕಿಕೊಂಡಿದ್ದಾನೆ, ಇನ್ನು ತನಗೆ ಏನೂ ದಕ್ಕುವುದಿಲ್ಲ, ಹಿತ್ತಲಾದರೂ ಉಳಿಯಲಿ ಎಂದೇ ರಾಜಿಗೆ ಬಂದದ್ದಂತೆ.

ನನಗೆ ನಗುವೂ ಬಂತು, ಅಳುವೂ ಬಂತು. ಅವನು ನಮ್ಮ ಮೇಲೆ ಸಂಶಯಪಟ್ಟು ಕೋಣೆ ಬಿಟ್ಟುಕೊಟ್ಟಿದ್ದ. ನಾವು ಅವನ ಮೇಲೆ ಸಂಶಯಪಟ್ಟು ಬೇಡ ಎಂದಿದ್ದೆವು.

ಅವ್ವ ಕೊನೆಯ ಎಳೆ ಕೂಡಿಸಿ ಕತ್ತರಿ ಹಾಕಿದಳು. ಸೀರೆಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು, ಕಾಲನ್ನು ಇನ್ನೂ ಕುಣಿಯೊಳಗೇ ಇಳಿಬಿಟ್ಟು ಕೂತು ಕೇಳಿದಳು: “ಅಲ್ಲವಾ, ದಿನಾ ಹೋಗಿ ನೋಡ್ತಿದ್ರೆಲ್ಲಾ ಆ ಆಟ. ಅದರಾಗ ಸಮ ಆದಾಗ, ಸಾಕು, ಇಬ್ರೂ ಸರಿ ಅಂತ ಎದ್ದು ಹೋಗೂದು ಇಲ್ಲೇನು?”

“ಇಲ್ಲಬೇ,” ಎಂದೆ. “ಸಮ ಅಂತ ಬಿಡೂದಿಲ್ಲ. ಯಾರರೆ ಒಬ್ರು ಸೋಲೂತನಕ ಆಡಬೇಕು.”

“ಸುಡ್ಲಿ ಅಂಥಾ ಆಟ,” ಎಂದು ಅವಳು ಕುಣಿಯಿಂದ ಕಾಲು ಮೇಲಕ್ಕೆ ತೆಗೆದಳು.

ಮಗ್ಗ ಬಿಚ್ಚಿದ ಮರುದಿನ ಕುಣಿ ಮುಚ್ಚಬೇಕಿತ್ತು. ಮುಚ್ಚದೆ ಮೇಲೆ ಗೋಡೆ ನಿಲ್ಲುವುದಿಲ್ಲ. ಅಪ್ಪ ನಮ್ಮ ಕಡೆಯಿಂದ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಸುರಿದ. ಕಾಕಾ ಅವನ ಕಡೆಯಿಂದ ತಂದು ಸುರಿದ. ಎಷ್ಟೋ ವರ್ಷಗಳ ಮೇಲೆ ಅಣ್ಣತಮ್ಮ ಸೇರಿ ಒಂದು ಕೆಲಸ ಮಾಡುತ್ತಿದ್ದರು, ಅದು ಅಜ್ಜ ತೋಡಿದ್ದನ್ನು ಮುಚ್ಚುವ ಕೆಲಸ. ಮಣ್ಣು ಬೀಳುವ ಸಪ್ಪಳ ಮಾತ್ರ.

ಅವ್ವ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು. ಅಪ್ಪ ಪ್ರತಿ ಸಲ ಬುಟ್ಟಿ ಸುರಿದು ಒಂದು ಗಳಿಗೆ ನಿಲ್ಲುತ್ತಿದ್ದ. ದಣಿವಿಗೆ ಎಂದುಕೊಂಡೆ. ಅವನ ಎಡಗೈ ನೋಡಿದಾಗ ತಿಳಿಯಿತು. ಹೆಬ್ಬೆರಳು ಒಂದೊಂದೇ ಗೆಣ್ಣು ದಾಟಿ ಮೇಲೆ ಸರಿಯುತ್ತಿತ್ತು. ಕಾಕಾನ ಬುಟ್ಟಿಗಳನ್ನು ಅವನು ಎಣಿಸುತ್ತಿದ್ದ. ಆ ಕಡೆ ಕಾಕಾನ ಹೆಬ್ಬೆರಳೂ ಹಾಗೆಯೇ ಸರಿಯುತ್ತಿತ್ತು.

ಅವ್ವನಿಗೂ ಅದು ಕಂಡಿತ್ತು. “ಚಲೋತ್ನಾಗಿ ಎಣಿಸ್ರಿ ಇಬ್ರೂ,” ಎಂದಳು. “ಒಂದು ಬುಟ್ಟಿ ಹೆಚ್ಚುಕಡಿಮಿ ಆದೀತು.”